ಆಡು ಯಾರದು, ನಾಡು ಯಾರದು?

ನಮ್ಮಜ್ಜಿಗೆ ‘ಹ’ ಬರುವುದಿಲ್ಲ. ಹಾಡಿಗೆ ಆಡು ಅಂತಾಳೆ, ಹಳ್ಳಿಗೆ ಅಳ್ಳಿ, ಹಸುವಿಗೆ ಅಸು, ಹಸಿವಿಗೆ ಅಸಿವು. ಮಿಡ್ಲಿಸ್ಕೂಲಿನಲ್ಲಿ ನನಗೂ ಬರುತ್ತಿರಲಿಲ್ಲ. ಮೇಷ್ಟ್ರೊಬ್ಬರು ಬೆಂಚಿನ ಮೇಲೆ ನಿಲ್ಲಿಸಿ ‘ಹಾಲು’ ಅನ್ನು ಅನ್ನೋರು. ನಾನು ‘ಆಲು’ ಅಂದಾಗಲೆಲ್ಲ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಹಟ ಹಿಡಿದು ‘ಹ’ ಕಲಿತೆ. ಅದೇ ಹಟದಲ್ಲಿ ಕನ್ನಡ ಎಂ.ಎ.ವರೆಗೂ ಬಂದೆ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಕೇರಿಯ ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನೇ.

ಎಂ.ಎ.ಯಲ್ಲಿ ಜಾನಪದ ಕ್ಷೇತ್ರಕಾರ್ಯ ಅಂತ ಇರುತ್ತೆ. ನಾನು ದೂರ ಹೋಗಲಿಲ್ಲ, ಅಜ್ಜಿಯ ಮುಂದೆ ಕೂತೆ. ನಾಟಿ ಗದ್ದೆಯಲ್ಲಿ, ಸಾವಿನ ಮನೆಯಲ್ಲಿ, ಹೊಗೆಸೊಪ್ಪಿನ ಬ್ಯಾರನ್ ಮುಂದೆ ಕಡ್ಡಿಗೆ ಸೊಪ್ಪು ಕಟ್ಟುತ್ತ ಹಾಡಿದವಳು ಅವಳು. ಹನ್ನೊಂದು ಹಾಡು ಹೇಳಿದಳು. ನಾನು ಅಚ್ಚುಕಟ್ಟಾಗಿ ಬರೆದುಕೊಂಡೆ. ಅವಳ ‘ಆಡ’ನ್ನೆಲ್ಲ ‘ಹಾಡು’ ಮಾಡಿದೆ. ಒಂದು ಹಾಡಿನ ನಡುವೆ ನಮ್ಮ ಜಾತಿಯ ಹೆಸರು ಬರುತ್ತಿತ್ತು. ಗೌಡರ ಅಂಗಳದ ಹೊರಗೆ ನಿಂತು ಕೂಲಿ ಕಾಳಿಗೆ ಮಡಿಲೊಡ್ಡಿದ ಹೆಂಗಸಿನ ಮಾತದು. ಆ ಸಾಲನ್ನು ಬಿಟ್ಟುಬಿಟ್ಟೆ. ಯಾರೂ ಬಿಡು ಅಂತ ಹೇಳಿರಲಿಲ್ಲ. ನನ್ನ ಕೈಯೇ ಬಿಟ್ಟಿತು.

ಮಾರ್ಕ್ಸು ಚೆನ್ನಾಗಿ ಬಂತು. ಅಜ್ಜಿಗೆ ಹೇಳಿದೆ. ಅವಳು ಕೇಳಿದಳು: ‘ನನ್ನಾಡ್ಗೆ ಎಷ್ಟ್ ಕೊಟ್ರು ಮಗ?’

‘ನಂಬರು ಕೊಟ್ರು ಕನಜ್ಜಿ.’

‘ಯಾರ್ಗೆ?’

‘ನಂಗೆ.’

ಅಜ್ಜಿ ಎಲೆಅಡಿಕೆ ಉಗಿದು ನಕ್ಕಳು. ‘ಆಡ್ದೋಳು ನಾನು, ನಂಬರು ನಿಂಗಾ?’

ಆ ನಗು ನನ್ನನ್ನು ಬಿಟ್ಟಿಲ್ಲ. ಅದರಿಂದಲೇ ಈ ಬರಹ. ಅಕ್ಷರ ಕಲಿತವರು ಅಕ್ಷರವಿಲ್ಲದವರ ನುಡಿಯನ್ನ, ಹಾಡನ್ನ, ದೈವವನ್ನ ಎತ್ತಿಕೊಂಡು ‘ಇದೇ ನಮ್ಮ ನಾಡಿನ ಆತ್ಮ’ ಅನ್ನುತ್ತಾರೆ. ಹಾಗೆ ನಾಡು ಕಟ್ಟುತ್ತಾರೆ. ಕಟ್ಟಿದ ಮೇಲೆ ಆ ನಾಡು, ಹಾಡಿದವರಿಗೆ ಏನು ಕೊಡಬೇಕು? ಏನೂ ಕೊಡದೆ ಹೋದರೆ ಅದನ್ನು ಪ್ರೀತಿ ಅನ್ನಬೇಕೋ ಕಳವು ಅನ್ನಬೇಕೋ?

ನಮ್ಮ ನಾಡಿನ ಮಾತಿಂದಲೇ ಶುರು ಮಾಡೋಣ. ನೂರಿಪ್ಪತ್ತು ವರ್ಷದ ಹಿಂದೆ ಕನ್ನಡ ಮಾತಾಡುವ ಜನ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ಧಾರವಾಡದ ಕಡೆ ಶಾಲೆ ಕಚೇರಿಗಳಲ್ಲಿ ಮರಾಠಿ ಮೇಲುಗೈ. ಮೈಸೂರಿನಲ್ಲಿ ಇಂಗ್ಲಿಷ್ ಓದಿದವರಿಗೆ ಕನ್ನಡ ಅಂದರೆ ಅಡುಗೆಮನೆ ಮಾತು. ಇದಕ್ಕೆ ಮರುಗಿದವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಬಿ.ಎಂ.ಶ್ರೀಕಂಠಯ್ಯನವರು 1911ರಲ್ಲಿ ಅದೇ ಧಾರವಾಡಕ್ಕೆ ಹೋಗಿ, ಕನ್ನಡ ಮಾತು ತಲೆ ಎತ್ತುವ ಬಗೆ ಯಾವುದು ಅಂತ ಭಾಷಣ ಮಾಡಿದರು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಆಲೂರು ವೆಂಕಟರಾಯರು ಹಂಪಿಯ ಹಾಳು ಕಂಡು ಕಲಕಿಹೋದವರು. ಅವರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. ಇವರ ನೋವು ಸುಳ್ಳಲ್ಲ. ತನ್ನ ಮಾತಿಗೆ ಬೆಲೆಯಿಲ್ಲದ ಮನುಷ್ಯನಿಗೆ ತನಗೂ ಬೆಲೆಯಿಲ್ಲ ಅನ್ನಿಸುತ್ತೆ. ಬೆಂಚಿನ ಮೇಲೆ ನಿಂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ನೋವಿಗೆ ಅವರು ಹುಡುಕಿದ ಮದ್ದು ಯಾವುದು? ವೈಭವ. ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು. ಅವಮಾನ ತಿಂದವನು ‘ನಮ್ಮ ತಾತ ಆನೆ ಸಾಕಿದ್ದ’ ಅನ್ನುವುದು ಸಹಜ. ಆದರೆ ನಮ್ಮ ತಾತ ಆನೆ ಸಾಕಲಿಲ್ಲ, ಆನೆ ಲದ್ದಿ ಬಾಚಿದ. ಹಂಪಿಯ ಕಲ್ಲು ಹೊತ್ತವರು ಯಾರೋ, ಆ ಗುಡಿ ಎದ್ದ ಮೇಲೆ ಅದರೊಳಕ್ಕೆ ಹೋಗದವರು ಯಾರೋ, ಅವರ ಮೊಮ್ಮಗ ನಾನು. ಗತವೈಭವ ಓದುವಾಗ ಹೆಮ್ಮೆಯೂ ಆಗುತ್ತೆ, ಅದೇ ಪುಟದಲ್ಲಿ ನಮ್ಮನ್ನು ಹುಡುಕಿ ಸಿಗದೆ ತಬ್ಬಲಿತನವೂ ಆಗುತ್ತೆ. 1931ರಲ್ಲಿ ಬಾಬಾಸಾಹೇಬರು ಗಾಂಧೀಜಿಗೆ ಮುಖಕ್ಕೇ ಹೇಳಿದರು, ತಮಗೆ ತಾಯ್ನಾಡಿಲ್ಲ ಅಂತ. ಅದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. ಕೆರೆಯ ನೀರು ಮುಟ್ಟಲು ಬಿಡದ ನೆಲವನ್ನ ತಾಯಿ ಅಂತ ಯಾವ ಬಾಯಲ್ಲಿ ಅನ್ನಬೇಕು?

ಇಂಥದೇ ಕತೆ ಸಮುದ್ರದಾಚೆ ಹೈಟಿಯಲ್ಲಿ ಇನ್ನೊಂದು ಥರ ನಡೆದಿದೆ. ಅದನ್ನು ಪಕ್ಕದಲ್ಲಿಟ್ಟರೆ ನಮ್ಮದು ಸ್ಪಷ್ಟವಾಗಿ ಕಾಣುತ್ತೆ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು 1791ರಲ್ಲಿ ಅಲ್ಲಿ ದಂಗೆ ಎದ್ದರು. ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರ ದೇಶ ಅಂತ ಸಾರಿದರು. 1825ರಲ್ಲಿ ಫ್ರಾನ್ಸು ಯುದ್ಧದ ಹಡಗು ತಂದು ನಿಲ್ಲಿಸಿ, ಗುಲಾಮರನ್ನೂ ತೋಟಗಳನ್ನೂ ಕಳಕೊಂಡ ಯಜಮಾನರಿಗೆ ಪರಿಹಾರ ಕೊಡಿ ಅಂತ 15 ಕೋಟಿ ಫ್ರಾಂಕು ಕೇಳಿತು. ಒದೆ ತಿಂದವನೇ ಒದ್ದವನಿಗೆ ದಂಡ ಕಟ್ಟಿದ್ದು! ಇದು ನಮಗೇನೂ ಹೊಸದಲ್ಲ ಬಿಡಿ.

ಸಂಕೋಲೆ ಹೋಯಿತು, ಒಳಗಿನ ಮೇಲುಕೀಳು ಹೋಗಲಿಲ್ಲ. ಪಟ್ಟಣದ ಓದಿದವರು ಫ್ರೆಂಚ್ ಮಾತಾಡಿದರು, ಪ್ಯಾರಿಸ್ ಕಡೆ ಮುಖ ಮಾಡಿ ಕವಿತೆ ಬರೆದರು. ಬೆಟ್ಟದ ರೈತರು ಕ್ರಿಯೋಲ್ ಮಾತಾಡಿದರು, ವೋಡು ದೈವಗಳಿಗೆ ಡೋಲು ಬಡಿದು ಕುಣಿದರು. ಓದಿದವರಿಗೆ ಆ ಮಾತು ಮುರುಕು ಫ್ರೆಂಚು, ಆ ದೈವ ಮಾಟಮಂತ್ರ. 1915ರಲ್ಲಿ ಅಮೆರಿಕದ ಸೈನ್ಯ ಬಂದು ಕೂತಿತು, 1934ರವರೆಗೂ ಏಳಲಿಲ್ಲ. ರೈತರನ್ನು ಹಗ್ಗ ಕಟ್ಟಿ ಎಳೆದು ರಸ್ತೆಗೆ ಬಿಟ್ಟಿ ದುಡಿಸಿದರು. ಬಂದೂಕು ಹಿಡಿದು ಎದ್ದವರು ಆ ಬೆಟ್ಟದ ರೈತರೇ. ಫ್ರೆಂಚ್ ಎಷ್ಟೇ ಚೆನ್ನಾಗಿ ಮಾತಾಡಲಿ, ಬಂದ ಬಿಳಿಯ ಸಿಪಾಯಿಯ ಕಣ್ಣಿಗೆ ಪಟ್ಟಣದವನೂ ಬೆಟ್ಟದವನೂ ಒಂದೇ ಕರಿಯ. ಆಗ ಓದಿದವರಿಗೆ ಎಚ್ಚರವಾಯಿತು.

ಆ ಎಚ್ಚರದಿಂದ 1927ರಲ್ಲಿ ‘ದೇಶಿ ಪತ್ರಿಕೆ’ ಅನ್ನೋ ಅರ್ಥದ ಹೆಸರಿನ ಒಂದು ಸಣ್ಣ ಪತ್ರಿಕೆ ಹುಟ್ಟಿತು. ಜಾಕ್ ರೂಮೇನ್ ಮೊದಲಾದ ಇಪ್ಪತ್ತರ ಹರೆಯದ ಕವಿಗಳು ಅದರಲ್ಲಿ ಬರೆದರು. ಮರುವರ್ಷ, 1928ರಲ್ಲಿ, ಝಾನ್ ಪ್ರೈಸ್-ಮಾರ್ಸ್ ಅನ್ನುವ ವೈದ್ಯ ‘ಮಾವ ಹೀಗೆ ಹೇಳಿದ’ ಅನ್ನೋ ಅರ್ಥದ ಪುಸ್ತಕ ತಂದ. ರೈತರ ಕತೆ, ಗಾದೆ, ಹಾಡು, ವೋಡು ಎಲ್ಲವನ್ನೂ ಎದುರಿಗಿಟ್ಟು, ನಮ್ಮ ಬೇರು ಇಲ್ಲಿದೆ ನೋಡಿ ಅಂದ. ಓದಿದವರ ರೋಗಕ್ಕೆ ಅವನು ಒಂದು ಫ್ರೆಂಚ್ ಕಾದಂಬರಿಯ ಹೆಣ್ಣಿನ ಹೆಸರನ್ನೇ ಹಿಡಿದು ‘ಬೊವರಿಸಂ’ ಅಂತ ಕರೆದ. ಅಂದರೆ ತಾನಲ್ಲದ್ದನ್ನ ತಾನು ಅಂದುಕೊಂಡು ಬದುಕುವುದು. ಇದನ್ನ ಓದಿದಾಗ ನನ್ನ ಕ್ಷೇತ್ರಕಾರ್ಯದ ನೋಟ್‌ಬುಕ್ಕು ನೆನಪಾಯಿತು. ಅಜ್ಜಿಯ ‘ಆಡ’ನ್ನ ತಿದ್ದಿದ ಕೈಗೆ ಅದೇ ರೋಗ.

ಕತೆ ಇಲ್ಲಿಗೇ ಮುಗಿದಿದ್ದರೆ ಪ್ರೈಸ್-ಮಾರ್ಸನಿಗೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ. 1941-42ರಲ್ಲಿ ಚರ್ಚು, ಸರ್ಕಾರ ಸೇರಿಕೊಂಡು ಮೂಢನಂಬಿಕೆ ನಿರ್ಮೂಲನೆ ಅಂತ ರೈತರ ಡೋಲು, ದೈವದ ಸಾಮಾನು ಸುಟ್ಟರು. ರೂಮೇನ್ ಅದನ್ನ ವಿರೋಧಿಸಿ ಬರೆದ. ಇನ್ನೊಂದು ಕಡೆ, 1938ರಲ್ಲಿ ‘ಗ್ರಿಯೋ’ ಅನ್ನುವ ಪತ್ರಿಕೆ ಕಟ್ಟಿ, ಕರಿಯರ ಆತ್ಮ, ಜನರ ದೈವ ಅಂತ ಬರೆಯುತ್ತಿದ್ದ ಗುಂಪಿನಲ್ಲಿ ಫ್ರಾನ್ಸ್ವಾ ಡುವಾಲಿಯೆ ಅನ್ನುವ ವೈದ್ಯನೂ ಇದ್ದ. 1957ರಲ್ಲಿ ಅವನೇ ಅಧ್ಯಕ್ಷನಾದ, 1964ರಲ್ಲಿ ಸಾಯುವವರೆಗೂ ನಾನೇ ಅಧ್ಯಕ್ಷ ಅಂದ. ರೈತರ ದೈವದ ವೇಷ ಹಾಕಿಕೊಂಡು ರೈತರನ್ನೇ ಹೆದರಿಸಿದ. ಅವನ ‘ಟೊಂಟೊನ್ ಮಕೂಟ್’ ಪಡೆ ರಾತ್ರಿ ಹೊತ್ತು ಮನೆ ಬಾಗಿಲು ಬಡಿಯುತ್ತಿತ್ತು. ಆ ಹೆಸರೂ ಅಲ್ಲಿನ ಜನಪದ ಕತೆಯದೇ, ಮಕ್ಕಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವ ಗುಮ್ಮನದು. ಅಪ್ಪನ ನಂತರ ಮಗ, 1986ರವರೆಗೆ. ಆ ರೈತರ ಕ್ರಿಯೋಲಿಗೆ ಫ್ರೆಂಚಿನ ಸರಿಸಮ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1987ರ ಸಂವಿಧಾನದಲ್ಲಿ. ದೇಶ ಹುಟ್ಟಿ 183 ವರ್ಷ ಆದಮೇಲೆ!

ನನಗೆ ಇದರಿಂದ ತಿಳಿದಿದ್ದು ಇಷ್ಟು. ಜನರ ಹಾಡನ್ನ ಹೀಯಾಳಿಸುವವರು ಒಂದು ಬಗೆ. ಹೊಗಳಿ ಹೊಗಳಿ ಅದರ ಮೇಲೆ ಕೂರುವವರು ಇನ್ನೊಂದು ಬಗೆ. ಎರಡನೆಯವರನ್ನ ಗುರುತಿಸುವುದು ಕಷ್ಟ. ಯಾಕಂದರೆ ಅವರು ನಮ್ಮದೇ ತಮಟೆ ಬಡಿದುಕೊಂಡು ಬರುತ್ತಾರೆ.

ಈಗ ನಮ್ಮ ಸೀಮೆಗೆ ವಾಪಸ್ ಬರೋಣ. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ಕ್ಕೆ ಒಂದಾಯಿತು. ಹೆಸರು ಮಾತ್ರ ಮೈಸೂರು ಅಂತಲೇ ಇತ್ತು. ಅದಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ. ನಮ್ಮ ಕಡೆಯವರು ಇವತ್ತಿಗೂ ಎದೆ ಉಬ್ಬಿಸಿ ಹೇಳುವ ಮಾತು ಇದು. ಅದೇ ತಿಂಗಳು ಮೈಸೂರಿನಲ್ಲಿ ಅರಸು ಸಂಪುಟದ ಮಂತ್ರಿ ಬಿ.ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ಮಂತ್ರಿ ಅವರು. ನಾಡಿನ ಹೆಸರಿನ ಹಬ್ಬದ ಹಸಿರು ತೋರಣ ಒಣಗುವ ಮೊದಲೇ ಊರೂರಲ್ಲಿ ಗಲಾಟೆ. ದಲಿತ ಹುಡುಗರನ್ನ ಹಾಸ್ಟೆಲುಗಳಿಗೆ ನುಗ್ಗಿ ಹೊಡೆದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು.

ನಮ್ಮ ಚಿಕ್ಕತಾತ ಆಗ ಮೈಸೂರಿನ ಒಂದು ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ. ಟ್ರಂಕು ಅಲ್ಲೇ ಬಿಟ್ಟು ಹಿತ್ತಲ ಗೋಡೆ ಹಾರಿ, ರಾತ್ರಿಯೆಲ್ಲ ನಡೆದು ಹುಣಸೂರು ರಸ್ತೆ ಹಿಡಿದು ಊರಿಗೆ ಬಂದ. ಮತ್ತೆ ಹೋಗಲಿಲ್ಲ. ಅವನು ಹೇಳೋನು: ‘ನಾನು ಬೂಸಾ ಅನ್ನಲಿಲ್ಲ ಕನಪ್ಪ. ನಂಗೆ ಪರೀಕ್ಸೆಗೆ ಅದೇ ಕನ್ನಡ ಪದ್ಯ ಬಾಯಿಪಾಟ ಆಗಿತ್ತು. ಒದೆ ಬೀಳೋವಾಗ್ಲೂ ನೆಪ್ಪಿತ್ತು.’ ಈ ಮಾತಿಗಿಂತ ದೊಡ್ಡ ಸಾಹಿತ್ಯ ವಿಮರ್ಶೆ ನಾನು ಓದಿಲ್ಲ. ಕನ್ನಡಕ್ಕೆ ಅವಮಾನ ಆಯಿತು ಅಂತ, ಕನ್ನಡ ಪದ್ಯ ಬಾಯಿಪಾಠ ಮಾಡಿದ ಹುಡುಗನನ್ನ ಹೊಡೆದರು. ಹಾಗಾದರೆ ಅಲ್ಲಿ ಕಾಪಾಡಿದ್ದು ಏನನ್ನ? ಕನ್ನಡವನ್ನಲ್ಲ. ಕನ್ನಡ ಯಾರ ಆಸ್ತಿ ಅನ್ನುವ ಖಾತೆ ಪಹಣಿಯನ್ನ.

ಗೆಳೆಯರು ಕೇಳಬಹುದು, ಹಾಗಾದರೆ ಕನ್ನಡಾಭಿಮಾನವೆಲ್ಲ ಮೋಸವಾ ಅಂತ. ಹಾಗನ್ನಲಾರೆ. ಕನ್ನಡದ ಶಾಲೆ ಇಲ್ಲದಿದ್ದರೆ ನಾನು ಈ ಸಾಲು ಬರೆಯುತ್ತಿರಲಿಲ್ಲ, ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದೆ. 1980ರ ಹೊತ್ತಿಗೆ ಶಾಲೆಗಳಲ್ಲಿ ಮೊದಲ ಭಾಷೆಯಾಗಿ ಸಂಸ್ಕೃತ ಓದಿ ಕನ್ನಡ ಬಿಟ್ಟು ಪಾಸಾಗುವ ದಾರಿಯ ಮೇಲೆ ಜಗಳ ಎದ್ದಿತಲ್ಲ, ಗೋಕಾಕ್ ಚಳವಳಿಯವರೆಗೂ ಹೋಯಿತಲ್ಲ, ಆಗ ಕನ್ನಡ ಬಡವರ ಪರವಾಗೇ ನಿಂತಿತ್ತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗ ಇಲ್ಲ ಅಂದಾಗ ನಮ್ಮ ಹಿರಿಯರು ಕನ್ನಡವನ್ನ ಬಿಟ್ಟು ಹೋಗಲಿಲ್ಲ, ಕನ್ನಡದಲ್ಲೇ ಬಂಡಾಯ ಎದ್ದರು. ನಮ್ಮ ಪಕ್ಕದ ನಂಜನಗೂಡು ಸೀಮೆಯ ದೇವನೂರ ಮಹಾದೇವ ಅವರು ಕೇರಿಯ ಆಡುಮಾತಿನಲ್ಲೇ ‘ಕುಸುಮಬಾಲೆ’ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಬೆಂಚಿನ ಮೇಲೆ ನಿಲ್ಲಿಸುವ ಮಾತೇ ಪುಸ್ತಕವಾಗಿ ಕೂತಿತು.

‘ಹ’ಕಾರದ ವಿಷಯವನ್ನೇ ನೋಡಿ. ಪಂಪನ ಕಾಲದಲ್ಲಿ ಹಾಡು ಅನ್ನುವುದು ‘ಪಾಡು’. ಹಾಲು ‘ಪಾಲ್’. ಹಳ್ಳಿ ‘ಪಳ್ಳಿ’. ‘ಪ’ ಸವೆದು ‘ಹ’ ಆಯಿತು. ಇದನ್ನ ಎಂ.ಎ. ತರಗತಿಯಲ್ಲಿ ಭಾಷೆಯ ಬೆಳವಣಿಗೆ ಅಂತ ಪಾಠ ಮಾಡುತ್ತಾರೆ. ಅದೇ ‘ಹ’ ಇನ್ನೊಂದು ಹೆಜ್ಜೆ ಸವೆದು ನಮ್ಮಜ್ಜಿಯ ಬಾಯಲ್ಲಿ ‘ಆಡು’ ಆದರೆ ಅಶುದ್ಧ ಅಂತಾರೆ. ಒಂದೇ ದಾರಿ, ಒಂದೇ ನಡಿಗೆ. ನಡೆದವರು ಯಾರು ಅನ್ನುವುದರ ಮೇಲೆ ಹೆಸರು ಬೇರೆ.

ಇಷ್ಟು ಹೇಳಿ ಮೀಸೆ ತಿರುವಿಕೊಂಡು ಕೂರಬಹುದಿತ್ತು. ಆದರೆ ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತೆ. ಡಿಗ್ರಿ ಓದುವಾಗ ಕ್ಯಾಂಪಿಗೆ ಅಂತ ಹೆಗ್ಗಡದೇವನಕೋಟೆ ಕಡೆಯ ಒಂದು ಜೇನುಕುರುಬರ ಹಾಡಿಗೆ ಹೋಗಿದ್ದೆವು. ನಾಗರಹೊಳೆ ಕಾಡು ಹುಲಿಯ ಪಾಲಾದ ಮೇಲೆ ಅಲ್ಲಿಂದ ಹೊರಬಿದ್ದವರು, ಕಬಿನಿ ನೀರು ನಿಂತಾಗ ಜಾಗ ಕಳಕೊಂಡವರು, ಕೊಡಗಿನ ಕಾಫಿ ತೋಟದ ಕೂಲಿಗೆ ಜೀಪು ಹತ್ತುವವರು ಆ ಸೀಮೆಯ ಹಾಡಿಗಳಲ್ಲಿದ್ದಾರೆ. ಒಬ್ಬ ಹುಡುಗನನ್ನ ಏನೋ ಕೇಳಿದೆ. ಅವನು ಅವನ ನುಡಿಯಲ್ಲಿ ಹೇಳಿದ. ನನ್ನ ಬಾಯಿಂದ ಬಂದ ಮಾತು: ‘ಸರಿಯಾಗಿ ಕನ್ನಡದಲ್ಲಿ ಹೇಳೋ.’ ಜೊತೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿದ. ಆ ತಗ್ಗಿದ ತಲೆ ನನಗೆ ಗೊತ್ತಿತ್ತು, ಬೆಂಚಿನ ಮೇಲಿದ್ದಾಗ ಅದು ನನ್ನದೇ ಆಗಿತ್ತು. ಆವತ್ತು ಅವನಿಗೆ ಕನ್ನಡವೇ ಫ್ರೆಂಚು, ನಾನೇ ಮೇಷ್ಟ್ರು.

ಆದ್ದರಿಂದ ಮೇಲ್ಜಾತಿಯವರು ಕಟ್ಟಿದ ಕನ್ನಡ ಕೆಟ್ಟದ್ದು, ನಾವು ಕಟ್ಟುವ ಕನ್ನಡ ಒಳ್ಳೆಯದು ಅಂತ ಲೆಕ್ಕ ಮುಗಿಸಲಾಗುವುದಿಲ್ಲ. ಡುವಾಲಿಯೆಯೂ ತುಳಿತಕ್ಕೊಳಗಾದವರ ಹೆಸರಲ್ಲೇ ಬಂದ. ನಾಡನ್ನ ಅಳೆಯಬೇಕಾದ್ದು ಕಟ್ಟಿದವನ ಜಾತಿಯಿಂದಲ್ಲ, ಅದರ ಬಾಗಿಲಿಂದ. ಈ ಮಾತನ್ನ ನಾನು ಯಾವ ಫ್ರೆಂಚ್ ಪುಸ್ತಕದಿಂದಲೂ ಎತ್ತಿಲ್ಲ. ಕೆ.ಆರ್.ನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿ ದಂಡೆಯ ರಾಚಪ್ಪಾಜಿ ಗದ್ದುಗೆಯ ಜಾತ್ರೆಯಲ್ಲಿ, ನೀಲಗಾರರ ತಂಬೂರಿ ಗಗ್ಗರದ ಸದ್ದಿನಲ್ಲಿ ಕಲಿತೆ. ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಒಳಗೆ ಲಕ್ಷದ ತೊಂಬತ್ತಾರು ಸಾವಿರ ಜಂಗಮರು, ದಾಸೋಹ, ಸಮಾನತೆಯ ಮಾತು. ಹೊರಗೆ ಮೈಯೆಲ್ಲ ನಾರುವ, ಹೊಲೆಯನ ವೇಷದ ಇವನು. ಬಾಗಿಲಲ್ಲಿ ತಡೆಯುತ್ತಾರೆ. ಕಲ್ಯಾಣ ನಿಜವಾಗಿ ಕಲ್ಯಾಣವೋ ಅಲ್ಲವೋ ಅನ್ನುವುದು ಒಳಗಿನ ಮಾತಿನಿಂದ ಗೊತ್ತಾಗಲ್ಲ, ಆ ನಾರುವ ಮೈ ಬಾಗಿಲಿಗೆ ಬಂದಾಗ ಗೊತ್ತಾಗುತ್ತೆ. ಇಷ್ಟು ದೊಡ್ಡ ರಾಜಕೀಯ ವಿಚಾರವನ್ನ ಅಕ್ಷರ ಬಾರದ ಒಕ್ಕಲು ರಾತ್ರಿಯಿಡೀ ಹಾಡಿಕೊಂಡು ಬಂದಿದೆ. ನಾವು ಅದನ್ನ ‘ಜನಪದ ಮಹಾಕಾವ್ಯ’ ಅಂತ ಅಟ್ಟಣಿಗೆ ಮೇಲಿಟ್ಟಿದ್ದೇವೆ. ಮಹಾಕಾವ್ಯ ಅಂದುಬಿಟ್ಟರೆ ಆಯಿತು, ಅದು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲವಲ್ಲ.

ಬಾಗಿಲಿನ ಪ್ರಶ್ನೆ ಹಳೆಯದಾಗಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿ ಕೂಡದು ಅಂದಿದ್ದರು. ಜನ ಕೇಳಿದರು: ನಮ್ಮ ಬಾಡು ಯಾವಾಗಿನಿಂದ ಹೆಂಡದ ಪಕ್ಕ ಕೂತಿತು? ಬಾಡೂಟದ ಚಳವಳಿಯೇ ನಡೆಯಿತು. ಹೈಟಿಯಲ್ಲಿ ಡೋಲು ಸುಟ್ಟವರ ನೆನಪಾಯಿತು ನನಗೆ. ಇಲ್ಲಿ ಯಾರೂ ಏನನ್ನೂ ಸುಡಲಿಲ್ಲ, ನಿಜ. ಆದರೆ ಮೆರವಣಿಗೆಗೆ ನಮ್ಮ ತಮಟೆ ಬೇಕು, ಕಂಸಾಳೆ ಬೇಕು, ಪಂಕ್ತಿಯಲ್ಲಿ ನಮ್ಮ ತಟ್ಟೆ ಬೇಡ. ಹಾಡು ಬೇಕು, ಹಾಡಿದವನ ಹೊಟ್ಟೆ ಬೇಡ.

ಹಾಗಾದರೆ ನಾಡು ಕೊಡಬೇಕಾದ ಬಾಕಿ ಏನು? ನನಗೆ ತೋಚಿದ್ದು ಇಷ್ಟು. ಹಾಡನ್ನ ಹೊಗಳುವುದು ಬಾಕಿ ತೀರಿಸಿದಂತಲ್ಲ. ಹಾಡಿದವಳ ಮಾತು ಅವಳ ಬಾಯಲ್ಲಿದ್ದಂತೆ ಪುಸ್ತಕದಲ್ಲೂ ಇರಬೇಕು. ಅವಳು ಹೇಳಿದ ಅವಮಾನವನ್ನ ನಮ್ಮ ನಾಚಿಕೆಗೋಸ್ಕರ ಅಳಿಸಬಾರದು. ಅವಳ ಹಾಡಿನಿಂದ ನಂಬರೋ ನೌಕರಿಯೋ ಪಡೆದವನು ಅವಳ ಕೂಲಿಯ ಜಗಳದಲ್ಲಿ ಅವಳ ಪಕ್ಕ ನಿಲ್ಲಬೇಕು. ಹಾಡಿಯ ಹುಡುಗ ಅವನ ನುಡಿಯಲ್ಲಿ ಉತ್ತರ ಹೇಳಿದಾಗ ಅರ್ಥವಾಗದ್ದು ನಮ್ಮ ಕೊರತೆ ಅನ್ನುವುದು ನಮಗೆ ಗೊತ್ತಿರಬೇಕು. ಇದಿಷ್ಟೂ ಇಲ್ಲದ ನಾಡು, ಹಾಡಿದವರ ಪಾಲಿಗೆ ಇನ್ನೊಂದು ಗೌಡರ ಅಂಗಳ.

ಮೊನ್ನೆ ಆ ನೋಟ್‌ಬುಕ್ಕು ತೆಗೆದುಕೊಂಡು ಮತ್ತೆ ಅಜ್ಜಿಯ ಮುಂದೆ ಕೂತೆ. ಬಿಟ್ಟ ಸಾಲನ್ನ ಬರೆಯಬೇಕು, ‘ಹ’ ಎಲ್ಲ ಹೊಡೆದುಹಾಕಬೇಕು, ಮೇಲೆ ಅವಳ ಹೆಸರು ಬರೆಯಬೇಕು ಅಂತ. ಸಾಲು ಹೇಳಿದಳು. ಹೆಸರಿನ ಮಾತಿಗೆ ಮಾತ್ರ ತಲೆ ಆಡಿಸಿದಳು. ‘ನಂದೊಂದೇ ಎಸ್ರಾ? ಇದ ನಂಗೆ ಯೋಳ್ಕೊಟ್ಟೋಳು ನಮ್ಮತ್ತೆ. ಅವ್ಳಿಗೆ ಯಾರೋ. ಗದ್ದೇಲಿ ಸಾಲಲ್ಲಿ ನಿಂತೋರೆಲ್ಲ ಸೇರಿ ಆಡಿದ್ದು. ಬರದ್ರೆ ಎಲ್ರುದ್ನೂ ಬರಿ, ಇಲ್ದಿದ್ರೆ ಬ್ಯಾಡ.’

ಎಲ್ಲರ ಹೆಸರು ಅವಳಿಗೇ ಗೊತ್ತಿಲ್ಲ. ಗೊತ್ತಿದ್ದ ಹದಿನಾಲ್ಕು ಹೆಸರು ಹೇಳಿದಳು. ಒಂಬತ್ತು ಜನ ತೀರಿಹೋಗಿದ್ದಾರೆ. ಉಳಿದ ಐದು ಮಂದಿಯಲ್ಲಿ ಇಬ್ಬರು ಪಕ್ಕದೂರಿಗೆ ಮಗಳ ಮನೆ ಸೇರಿದ್ದಾರಂತೆ. ಬರುವ ಭಾನುವಾರ ಹೋಗುತ್ತಿದ್ದೇನೆ.